ರಿಯಾದಿನ ಬಾರಿನಲ್ಲಿ ಕುಡಿದ ಒಂದು ಗುಟುಕು

ಹೊರಡುವ ಮುನ್ನ ಒಂದು ತಿದ್ದುಪಡಿ

ಕೆಲವು ವರ್ಷಗಳ ಹಿಂದೆ ಒಂದು ವಾರಪತ್ರಿಕೆಯ ಪ್ರವಾಸ ಪುಟದಲ್ಲಿ ಲಿಸ್ಬನ್ ನಗರದ ಹತ್ತು ಬಾರುಗಳ ಬಗ್ಗೆ ಬರೆದಿದ್ದೆ. ಓದುಗರು ಮೆಚ್ಚಿ ಪತ್ರ ಬರೆದರು. ಹತ್ತರಲ್ಲಿ ನಾನು ಒಳಗೆ ಕಾಲಿಟ್ಟದ್ದು ನಾಲ್ಕರಲ್ಲಿ ಮಾತ್ರ. ಉಳಿದ ಆರನ್ನು ಹೊರಗಿನ ಹಲಗೆ ಓದಿ, ಕಿಟಕಿಯಲ್ಲಿ ಇಣುಕಿ, ಒಳಗೆ ಕುಳಿತವರ ಮುಖ ನೋಡಿ ಬರೆದೆ. ಬೆಟ್ಟದ ಬೀದಿಯ ಒಂದು ಪುಟ್ಟ ಅಂಗಡಿಯ ಚೆರ್ರಿ ಮದ್ಯ "ನಾಲಿಗೆಯ ತುದಿಯಲ್ಲಿ ಸಿಹಿ, ಗಂಟಲಿಗಿಳಿದ ಮೇಲೆ ಕಹಿ" ಎಂಬ ನನ್ನ ಸಾಲು ಬಹಳ ಜನರಿಗೆ ಹಿಡಿಸಿತು. ನಾನು ಹೋದ ದಿನ ಆ ಅಂಗಡಿಗೆ ಬೀಗ ಹಾಕಿತ್ತು.

ಇದನ್ನು ಈಗ ಯಾಕೆ ಹೇಳುತ್ತಿದ್ದೇನೆಂದರೆ, ಆ ಲೇಖನವನ್ನು ಪೂರ್ತಿ ನಂಬಿದವನು ಒಬ್ಬನಿದ್ದ. ಸುಕೇಶ ಪೂಜಾರಿ. ಕಾಪು ಕಡೆಯವನು. ಆಗ ಬೆಂಗಳೂರಿನಲ್ಲಿ ನಮ್ಮ ಕಚೇರಿಯ ಹಿಂದಿನ ಬಾರಿನಲ್ಲಿ ಕೌಂಟರಿಗಿದ್ದ. ನಾನು ಅಲ್ಲಿಗೆ ವಾರಕ್ಕೆರಡು ಸಲ ಹೋಗುತ್ತಿದ್ದೆ. ಇಲ್ಲ, ನಾಲ್ಕು ಸಲ. ಲೇಖನವನ್ನು ಕತ್ತರಿಸಿ ಕೌಂಟರಿನ ಒಳಬದಿಗೆ ಅಂಟಿಸಿಕೊಂಡಿದ್ದ. "ಅಣ್ಣ ಯುರೋಪಿನದ್ದೆಲ್ಲ ಕುಡಿದು ಬಂದವರು" ಎಂದು ಬೇರೆ ಗಿರಾಕಿಗಳಿಗೆ ನನ್ನನ್ನು ಪರಿಚಯಿಸುತ್ತಿದ್ದ. ನಾನು ಬೇಡ ಅನ್ನಲಿಲ್ಲ.

ಆಮೇಲೆ ಅವನು ರಿಯಾದಿಗೆ ಹೋದ. ಮದ್ಯವೇ ಇಲ್ಲದ ದೇಶಕ್ಕೆ, ಬಾರಿನ ಕೆಲಸಕ್ಕೆ. ಹೋದ ವರ್ಷ ಒಂದು ದಿನ ಫೋನ್ ಮಾಡಿದ. "ಬನ್ನಿ ಅಣ್ಣ. ಇಲ್ಲಿ ಈಗ ಹೊಸ ಹೊಸ ಬಾರ್ ಆಗ್ತಾ ಉಂಟು. ಒಂದರಲ್ಲೂ ಎಂತದೂ ಇಲ್ಲ! ಬರೀಲಿಕ್ಕೆ ಒಳ್ಳೇದು." ಸಂಪಾದಕರಿಗೂ ಇದು ಇಷ್ಟವಾಯಿತು. ಹೋದೆ. ಒಟ್ಟು ಎಂಟು ದಿನ. ಕೆಳಗೆ ಬರೆದದ್ದರಲ್ಲಿ ದಿನಗಳ ಲೆಕ್ಕ ಹೆಚ್ಚುಕಡಿಮೆ ಆಗಿರಬಹುದು. ಯಾರು ಏನು ಅಂದರು ಎಂಬುದರಲ್ಲಿ ಮಾತ್ರ ಎಚ್ಚರದಿಂದಿದ್ದೇನೆ, ಒಂದು ಕಡೆ ಬಿಟ್ಟು. ಆ ಕಡೆ ಬಂದಾಗ ಹೇಳುತ್ತೇನೆ.

ಮೊದಲ ಬಾರು

ನಗರದ ಉತ್ತರಕ್ಕೆ, ಗಾಜಿನ ಕಟ್ಟಡವೊಂದರ ಮೇಲಂತಸ್ತು. ಬಾಗಿಲಲ್ಲಿ ಊದಿನ ಹೊಗೆ. ದೇವಸ್ಥಾನದ ಗರ್ಭಗುಡಿಗೆ ಬಂದೆನೋ ಎಂಬಂತೆ ಕೈ ತಾನಾಗಿ ಚಪ್ಪಲಿಯ ಕಡೆ ಹೋಯಿತು. ಒಳಗೆ ನೋಡಿದರೆ ಎಲ್ಲವೂ ಬಾರೇ: ಎತ್ತರದ ಸ್ಟೂಲು, ತಾಮ್ರದ ಶೇಕರು, ಹಿಂದೆ ದೀಪ ಬಿಟ್ಟ ಬಾಟಲಿಗಳ ಸಾಲು. ಜಿನ್ ಎಂದು ಬರೆದ ಬಾಟಲಿಯಲ್ಲಿ ಜಿನ್ ಇರಲಿಲ್ಲ. ರಮ್ ಎಂದು ಬರೆದದ್ದರಲ್ಲಿ ರಮ್ ಇರಲಿಲ್ಲ. ನಳದಿಂದ ನೊರೆ ಉಕ್ಕಿಸಿ ಕೊಟ್ಟ ಬಿಯರಿನಲ್ಲಿ ನೊರೆ ಮಾತ್ರ ನಿಜ.

"ಇನ್ನೂ ಸ್ವಲ್ಪ ಸ್ಟ್ರಾಂಗ್ ಕೊಡಿ" ಅಂದೆ, ಬಾಯಿತಪ್ಪಿ.

ಕೌಂಟರಿನ ನೇಪಾಳಿ ಯುವಕ ಬಹಳ ಗಂಭೀರವಾಗಿ ಕೇಳಿದ: "ಯಾವುದು ಸರ್? ಶುಂಠಿ ಸ್ಟ್ರಾಂಗಾ, ಮೆಣಸು ಸ್ಟ್ರಾಂಗಾ?"

ಹನ್ನೊಂದು ದಾಟಿದ ಮೇಲೆ ಜನ ತುಂಬಿದರು. ಮುಂಭಾಗ ತೆರೆದ ಉದ್ದನೆಯ ಅಬಾಯಾ ತೊಟ್ಟ ಹುಡುಗಿಯರು, ಬಿಳಿ ನಿಲುವಂಗಿಯ ಹುಡುಗರು, ಮಕ್ಕಳನ್ನು ಎತ್ತಿಕೊಂಡ ಸಂಸಾರಗಳು. ಗಲಾಟೆ ಬೆಂಗಳೂರಿನ ಬಾರನ್ನು ಮೀರಿಸುವಂಥದ್ದು. ಪಕ್ಕದ ಮೇಜಿನಲ್ಲಿ ಮೂವತ್ತರ ಒಬ್ಬ ಗಂಡಸು ಗೆಳೆಯನ ಕೈ ಹಿಡಿದು ಅಳುತ್ತಿದ್ದ. ನನಗೆ ಭಯವಾಯಿತು. ನಮ್ಮಲ್ಲಾದರೆ ಇಂಥ ಅಳುವಿಗೆ ಒಂದು ಹೆಸರಿದೆ, ಬೆಳಗಾದರೆ ಅದಕ್ಕೆ ಮಾಫಿಯೂ ಇದೆ. "ಕುಡಿದಿದ್ದ, ಬಿಡಿ" ಅಂದರೆ ಮುಗಿಯಿತು. ಇಲ್ಲಿ ಆ ಸೌಲಭ್ಯವಿಲ್ಲ. ಅತ್ತವನು ಎಚ್ಚರದಲ್ಲಿ ಅತ್ತಿದ್ದ. ಬೈದವನು ಎಚ್ಚರದಲ್ಲಿ ಬೈದಿದ್ದ. ರಾತ್ರಿ ಆಡಿದ್ದಕ್ಕೆ ಬೆಳಿಗ್ಗೆ ಅವರೇ ವಾರಸುದಾರರು.

ನಾಲ್ಕನೆಯ ಗ್ಲಾಸಿನ ಹೊತ್ತಿಗೆ ಆ ಇಡೀ ಕೋಣೆಯಲ್ಲಿ ಅಮಲು ಬಂದವನಂತೆ ಕೈ ಬೀಸಿ ಮಾತಾಡುತ್ತಿದ್ದವನು ನಾನೊಬ್ಬನೇ. ಅಭ್ಯಾಸ. ಆಮೇಲೆ ಮೂರು ಸಲ ಮೂತ್ರಕ್ಕೆ ಹೋಗಿ ಬಂದೆ. ಅಷ್ಟೇ ನನಗೆ ಅದರಿಂದ ಆದದ್ದು.

ಬತ್ಹಾ, ಮೂರು ಮಂಚದ ಕೋಣೆ

ಸುಕೇಶ ಇರುವುದು ಬತ್ಹಾದಲ್ಲಿ. ಹಳೆಯ ಪೇಟೆ. ಅಗ್ಗದ ಅಂಗಡಿ, ಊರಿಗೆ ಹಣ ಕಳಿಸುವ ಅಂಗಡಿ, ಮೇಲೆಲ್ಲ ಒಂಟಿ ಗಂಡಸರ ಕೋಣೆಗಳು. ಅವನ ಕೋಣೆಯಲ್ಲಿ ಮೂರು ಮಂಚ. ಒಂದು ಖಾಲಿ. ಇನ್ನೊಂದರಲ್ಲಿ ಉಳ್ಳಾಲದ ಹಮೀದ್. ಕೆಳಗೆ ಮೊಬೈಲ್ ಕವರು ಮಾರುವ ಅಂಗಡಿಯಲ್ಲಿ ಕೆಲಸ, ಹದಿನಾರು ವರ್ಷದಿಂದ ಇಲ್ಲೇ. ನನಗಾಗಿ ಕುಚ್ಚಲಕ್ಕಿ ಗಂಜಿ, ಹುರಿದ ಬಂಗುಡೆ ಮಾಡಿದ್ದರು.

"ಎಂತ ಮಾರಾಯ್ರೆ," ಅಂದ ಹಮೀದ್, "ಬಾರ್ ನೋಡ್ಲಿಕ್ಕೆ ಸೌದಿಗೆ ಬಂದದ್ದಾ? ಹಿಮ ನೋಡ್ಲಿಕ್ಕೆ ಮಂಗಳೂರಿಗೆ ಹೋದ ಹಾಗಾಯ್ತು."

"ನೀನು ಸುಮ್ನಿರು," ಅಂದ ಸುಕೇಶ. "ಅಣ್ಣನ ನಾಲಿಗೆ ಎಂತದು ಅಂತ ನಿಂಗೊತ್ತಿಲ್ಲ. ಲಿಸ್ಬನ್ನಿಂದ್ದು ಓದಿದ್ರೆ ಬಾಯಲ್ಲಿ ನೀರು ಬರ್ತದೆ."

ಊಟ ಆದ ಮೇಲೆ ಅವನು ಜೇಬಿನಿಂದ ತನ್ನ ಇಕಾಮಾ ತೆಗೆದು ತೋರಿಸಿದ. ಇಲ್ಲಿ ಪರದೇಶಿಗಳು ಸದಾ ಜೊತೆಗಿಟ್ಟುಕೊಳ್ಳಬೇಕಾದ ವಾಸದ ಚೀಟಿ ಅದು. ಅರಬ್ಬಿಯ ಒಂದು ಪದದ ಕೆಳಗೆ ಉಗುರಿಟ್ಟ.

"ಇದು 'ಆಮಿಲ್' ಅಣ್ಣ. ಕೂಲಿಯಾಳು. ನಾನು ಹತ್ತು ನಮೂನೆ ಡ್ರಿಂಕ್ ಕಂಡುಹಿಡಿದ್ರೂ ಇದ್ರಲ್ಲಿ ಆಮಿಲೇ. ಇದು ಇದ್ದಷ್ಟು ದಿನ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಬರ್ಲಿಕ್ಕಾಗುದಿಲ್ಲ. ಮ್ಯಾನೇಜರ್ ಮುನೀರ್ ಹೇಳಿದ್ದಾರೆ, ನಿನ್ನ ಹೊಸ ಡ್ರಿಂಕ್ ಮುದೀರಿಗೆ ಇಷ್ಟ ಆದ್ರೆ ನಿನ್ನನ್ನ ಸೂಪರ್‌ವೈಸರ್ ಮಾಡ್ತೇವೆ, ಇಕಾಮಾದಲ್ಲಿ ಕೆಲಸ ಬದಲಾಯಿಸ್ತೇವೆ ಅಂತ." ಮುದೀರ್ ಅಂದರೆ ಯಜಮಾನ.

"ಇವನ ಹೆಂಡ್ತಿ ಪ್ರಮೀಳಾ ಊರಲ್ಲಿ ಶಾಲೆಗೆ ಹೋಗಿ ಹೇಳಿ ಬಂದೂ ಆಯ್ತು," ಅಂದ ಹಮೀದ್. "ಮಗಳು ಇನ್ನು ಬರುದಿಲ್ಲ, ಸೌದಿಗೆ ಹೋಗ್ತಾಳೆ ಅಂತ. ಇವ್ರದ್ದು ಗ್ಲಾಸಿಗೆ ಹಾಕುವ ಮೊದ್ಲೇ ಚಿಯರ್ಸ್."

"ಆರು ವರ್ಷ ಆಯ್ತು ಅವಳಿಗೆ ಮಾರಾಯ," ಅಂದ ಸುಕೇಶ. "ಒಟ್ಟು ಸೇರಿಸಿದ್ರೆ ನಾನು ಜೊತೆಗಿದ್ದದ್ದು ಐದು ತಿಂಗಳು."

ಆ ಹೊಸ ಡ್ರಿಂಕನ್ನು ಫ್ಲಾಸ್ಕಿನಲ್ಲಿ ತಂದಿದ್ದ. ಹೆಸರು 'ಕಾಪು'. ಅರಬರ ಬಾಯಲ್ಲಿ ಕಾಬು. ಅವನ ತಂದೆ ತೆಂಗಿನ ಮರ ಹತ್ತಿ ಶೇಂದಿ ಇಳಿಸುತ್ತಿದ್ದವರು, ಅವರ ತಂದೆಯೂ ಹಾಗೆಯೇ. ಹೋದ ಮಳೆಗಾಲದಲ್ಲಿ ತೀರಿಕೊಂಡರು. "ಮರದಿಂದ ಬಿದ್ದಲ್ಲ, ಹಾಸಿಗೆಯಲ್ಲೇ" ಎಂದು ಸುಕೇಶ ಹೇಳಿದ್ದರಲ್ಲಿ ಒಂದು ಹೆಮ್ಮೆ ಇತ್ತು. ಬುರೈದಾ ಊರಿನ ಖರ್ಜೂರವನ್ನು ಎಳನೀರಿನಲ್ಲಿ ನೆನೆಹಾಕಿ, ಸೋಸಿ, ಬೆಳ್ಳಗಾಗಲು ಅಕ್ಕಿ ತೊಳೆದ ನೀರು ಸೇರಿಸಿ, ಅಪ್ಪನ ಶೇಂದಿಯನ್ನು ಹನಿಯೂ ಮದ್ಯವಿಲ್ಲದೆ ತಿರುಗಿ ಮಾಡಲು ಹೊರಟಿದ್ದ.

ಕುಡಿದೆ. ಸಿಹಿ. ಒಳ್ಳೆಯ ಪಾನಕ.

"ಇದು ಒಂದು ರಾತ್ರಿ ಇಟ್ಟದ್ದು," ಅಂದ ಸುಕೇಶ. "ಅಪ್ಪ ಬೆಳಿಗ್ಗೆ ಇಳಿಸಿದ್ದನ್ನ ಮಕ್ಕಳಿಗೆ ಕೊಡ್ತಿದ್ರು, ಹೀಗೇ ಇರ್ತಿತ್ತು. ಸಂಜೆಯದ್ದೇ ಬೇರೆ. ಇದನ್ನ ಇನ್ನೊಂದು ದಿನ ಇಟ್ರೆ ಆ ಹುಳಿ ಬರ್ತದೆ."

ಹಮೀದ್ ಫ್ಲಾಸ್ಕನ್ನು ಮುಟ್ಟಿರಲಿಲ್ಲ. "ಇಡ್ಬೇಡ ಮಾರಾಯ. ಒಂದು ರಾತ್ರಿ ಸಾಕು. ಇಲ್ಲಿಯವ್ರಿಗೆ ಇದೆಲ್ಲ ಗೊತ್ತುಂಟು."

"ಒಂದು ರಾತ್ರಿಯದ್ದು ಮದುವೆ ಮನೆ ಪಾನಕ. ಶೇಂದಿ ಅಲ್ಲ." ಸುಕೇಶ ನನ್ನ ಕಡೆ ತಿರುಗಿದ. "ನೀವು ಹೇಳಿ ಅಣ್ಣ."

ನಾನು ಬಿಟ್ಟೆನೆಂದದ್ದು ಇದೇ ಜಾಗವನ್ನು. ಏನು ಹೇಳಿದೆನೋ ನನಗೆ ನೆನಪಿಲ್ಲ. ಬಂಗುಡೆಯ ರುಚಿ ನೆನಪಿದೆ, ಕಿಟಕಿಗೆ ಕಟ್ಟಿದ ಒದ್ದೆ ಲುಂಗಿ ನೆನಪಿದೆ.

ಎರಡನೆಯ ಬಾರು, ಮೂರನೆಯ ಬಾರು

ಒಂದರಲ್ಲಿ ಹುಕ್ಕಾ, ಫುಟ್‌ಬಾಲು, ದೊಡ್ಡ ಪರದೆ. ಇನ್ನೊಂದರಲ್ಲಿ ಹಿತ್ತಾಳೆ ವಾದ್ಯ ನುಡಿಸುವ ಯುರೋಪಿನ ತಂಡ. ಅವರೂ ಬಿಡುವಿನಲ್ಲಿ ದಾಳಿಂಬೆ ರಸ ಕುಡಿಯುತ್ತಿದ್ದರು, ಶಿಕ್ಷೆಗೆ ಒಳಗಾದ ಮಕ್ಕಳ ಮುಖದಲ್ಲಿ. ಇವೆರಡರ ಬಗ್ಗೆ ಪತ್ರಿಕೆಗೆ ಉದ್ದಕ್ಕೆ ಬರೆದು ಕಳಿಸಿದ್ದೇನೆ, ಅಲ್ಲಿ ಓದಿಕೊಳ್ಳಬಹುದು. ಈ ಸಲ ಎರಡಕ್ಕೂ ಒಳಗೆ ಹೋಗಿಯೇ ಬರೆದೆ. ವಿಚಿತ್ರವೆಂದರೆ, ಹೋಗದೆ ಬರೆದ ಲಿಸ್ಬನ್ನಿನ ಆರು ಬಾರುಗಳು ಇವಕ್ಕಿಂತ ನನಗೆ ಸ್ಪಷ್ಟವಾಗಿ ಕಾಣುತ್ತವೆ.

ಸುಕೇಶನ ಬಾರು, ಮಧ್ಯಾಹ್ನ

ಬಾಗಿಲು ತೆರೆಯುವುದು ಸಂಜೆ. ಯಜಮಾನ ರುಚಿ ನೋಡುವುದು ಮಧ್ಯಾಹ್ನ ಮೂರಕ್ಕೆಂದು ನಿಗದಿಯಾಗಿತ್ತು. ಖಾಲಿ ಬಾರು ಹಗಲಿನಲ್ಲಿ ಆಸ್ಪತ್ರೆಯಂತೆ ಕಾಣುತ್ತದೆ, ಎಲ್ಲ ಊರಿನಲ್ಲೂ. ಸುಕೇಶ ಇಸ್ತ್ರಿ ಮಾಡಿದ ಕಪ್ಪು ಏಪ್ರನ್ನಿನಲ್ಲಿ ನಿಂತಿದ್ದ. ಮುನೀರ್ ಜೋರ್ಡಾನಿನವರು, ಐವತ್ತು ದಾಟಿದ ದಣಿದ ಮನುಷ್ಯ, ಪ್ರತಿ ವಾಕ್ಯದ ಕೊನೆಗೂ ಕನ್ನಡಕ ಒರೆಸುವವರು. ನನ್ನನ್ನು ಕರೆಸಿದ್ದು ಅವರೇ. "ಯುರೋಪಿನ ಬಾರುಗಳ ಬಗ್ಗೆ ಬರೆದ ಭಾರತದ ಲೇಖಕರು" ಎಂದು ಯಜಮಾನನಿಗೆ ಪರಿಚಯಿಸಿದರು. ಆ ವಾಕ್ಯ ಎಲ್ಲಿಂದ ಬಂದಿತ್ತೆಂದು ನನಗೆ ಗೊತ್ತಿತ್ತು.

ಯಜಮಾನ ಚಿಕ್ಕ ಪ್ರಾಯದವನು, ಮೃದು ಮಾತಿನವನು. ಗ್ಲಾಸುಗಳು ಬಂದವು. ಚಿಕ್ಕವು, ಕಾಲಿಲ್ಲದವು. ಬಿಳಿಯ ದ್ರವದ ಮೇಲೆ ಸಣ್ಣ ಗುಳ್ಳೆಗಳು ಅಂಚಿಗೆ ಓಡುತ್ತಿದ್ದವು.

"ಮೊದಲು ಅತಿಥಿ" ಅಂದ ಯಜಮಾನ.

ನಾನು ಕಣ್ಣು ಮುಚ್ಚಿ ಒಂದು ಗುಟುಕು ಕುಡಿದೆ. ಕಣ್ಣು ಮುಚ್ಚುವುದು ಬೇಕಿರಲಿಲ್ಲ. ಹುಳಿ ಬಂದಿತ್ತು. ಸಿಹಿ ಹಿಂದೆ ಸರಿದಿತ್ತು, ಮೂಗಿಗೆ ಒಂದು ಮುಗ್ಗಲು ಪರಿಮಳ. ಚೆನ್ನಾಗಿತ್ತು. ಇದು ನಿಜ, ಬಹಳ ಚೆನ್ನಾಗಿತ್ತು. ಸುಕೇಶ ನನ್ನ ಗಂಟಲನ್ನೇ ನೋಡುತ್ತಿದ್ದ.

ಚೆನ್ನಾಗಿದೆ ಎಂದು ಹೇಳಿ ಸುಮ್ಮನಾಗಬಹುದಿತ್ತು. ನಾನು ಕೌಂಟರಿಗೆ ಅಂಗೈಯಿಂದ ಬಡಿದು "ಅಬ್ಬಾ! ಕಿಕ್ ಇದೆ!" ಎಂದು ಇಂಗ್ಲಿಷಿನಲ್ಲಿ ಕೂಗಿದೆ. ಸ್ಟೂಲಿನಿಂದ ಜಾರಿ ಇಳಿದೆ. ಗೋಡೆಗೆ ಕೈ ಕೊಟ್ಟು ಎರಡು ಹೆಜ್ಜೆ ತೂರಾಡಿದೆ. ಬೆಂಗಳೂರಿನ ಆ ಬಾರಿನಲ್ಲಿ ಹೊಸ ಡ್ರಿಂಕ್ ಚೆನ್ನಾಗಿದ್ದಾಗಲೆಲ್ಲ ನಾನು ಸುಕೇಶನಿಗೆ ಕೊಡುತ್ತಿದ್ದ ಬಹುಮಾನ ಇದೇ. ಅವನು ನಕ್ಕ. ನಕ್ಕನೆಂದುಕೊಂಡಿದ್ದೇನೆ. ನಕ್ಕವನು ನಾನೊಬ್ಬನೇ ಇರಬಹುದು.

ಯಜಮಾನ ತುಟಿಯ ಹತ್ತಿರಕ್ಕೆ ತಂದ ಗ್ಲಾಸನ್ನು ಹಾಗೆಯೇ ಕೆಳಗಿಳಿಸಿದ.

"ಎಷ್ಟು ಹೊತ್ತು ನೆನೆಸಿದ್ದು?" ಎಂದು ಸುಕೇಶನನ್ನು ಕೇಳಿದ.

"ಟೂ ಡೇಸ್ ಸರ್. ಫುಲ್ ಟೂ ಡೇಸ್." ಸುಕೇಶ ಎದೆಯುಬ್ಬಿಸಿ ಹೇಳಿದ. ಅಪ್ಪನ ಮರದ ಎತ್ತರ ಹೇಳುವಂತೆ.

ಯಜಮಾನ ನನ್ನ ಕಡೆ ತಿರುಗಿದ. "ನಮ್ಮ ಅಜ್ಜಿಯೂ ಖರ್ಜೂರ ನೆನೆಹಾಕುತ್ತಿದ್ದಳು. ಸಂಜೆ ಹಾಕಿದ್ದನ್ನು ಬೆಳಿಗ್ಗೆ ಕುಡಿಯುವುದು, ಬೆಳಿಗ್ಗೆ ಹಾಕಿದ್ದನ್ನು ಸಂಜೆ. ಅದಕ್ಕೂ ಮೀರಿ ಉಳಿದರೆ ಗುಳ್ಳೆ ಬಂತೇ ಎಂದು ನೋಡುತ್ತಿದ್ದಳು. ಬಂದಿದ್ದರೆ ಅಂಗಳಕ್ಕೆ ಚೆಲ್ಲುತ್ತಿದ್ದಳು." ದನಿಯಲ್ಲಿ ಕೋಪವಿರಲಿಲ್ಲ. "ನೀವು ತಮಾಷೆ ಮಾಡಿದಿರಿ, ಗೊತ್ತು. ನೀವು ಅತಿಥಿ."

ಗ್ಲಾಸನ್ನು ಒಂದು ಗೇಣು ಆಚೆ ಸರಿಸಿ, ಮುನೀರ್‌ಗೆ ಅರಬ್ಬಿಯಲ್ಲಿ ಏನೋ ಹೇಳಿ, ಹೊರಟುಹೋದ.

ಅಡುಗೆಮನೆಯ ಹಿಂದಿನ ಓಣಿ

ಮುನೀರ್ ನನ್ನನ್ನು ಹಿಂಬಾಗಿಲಿಂದ ಹೊರಗೆ ಕರೆದುಕೊಂಡು ಹೋದರು. ಬಿಸಿಲು ಗೋಡೆಯಿಂದ ವಾಪಸು ಬಂದು ಮುಖಕ್ಕೆ ಬಡಿಯುತ್ತಿತ್ತು. ಖಾಲಿ ಎಣ್ಣೆ ಡಬ್ಬಗಳು, ಒಂದು ಬೆಕ್ಕು.

"ನನಗೆ ಒಂದೇ ಮಾತು ಬೇಕು," ಅಂದರು. "ಅದರಲ್ಲಿ ಇತ್ತೇ? ಇರಲಿಲ್ಲ ಅಂದರೆ ಸಂಜೆಗೆ ನಾನೇ ಅವರಿಗೆ ಹೇಳುತ್ತೇನೆ: ಲೇಖಕರು ಆಟ ಆಡಿದರು, ಹುಡುಗ ಒಂದು ರಾತ್ರಿಯದ್ದನ್ನು ಮಾಡಿ ಕೊಡುತ್ತಾನೆ, ಶುಕ್ರವಾರ ಮತ್ತೆ ನೋಡಿ. ಅವರು ಒಪ್ಪುತ್ತಾರೆ. ಇತ್ತು ಅಂದರೆ ಇವನನ್ನು ನಾನು ಈ ಕೌಂಟರಿನಲ್ಲಿ ನಿಲ್ಲಿಸಲಾರೆ. ಯಾರಾದರೂ ದೂರು ಕೊಟ್ಟರೆ ಅಂಗಡಿಗೆ ಬೀಗ, ಅವನಿಗೂ ನನಗೂ ಜೈಲು. ನನಗೂ ಮೂರು ಮಕ್ಕಳು." ಕನ್ನಡಕ ಒರೆಸಿದರು. "ನಾನು ಹುಟ್ಟಿದ ಮೇಲೆ ಅದನ್ನು ಮುಟ್ಟಿದವನಲ್ಲ, ನನಗೆ ತಿಳಿಯುವುದಿಲ್ಲ. ನೀವು ಯುರೋಪಿನದ್ದೆಲ್ಲ ಕುಡಿದವರು. ನಿಮಗೆ ಗೊತ್ತಾಗುತ್ತದೆ."

ನನಗೆ ಗೊತ್ತಾಗಿರಲಿಲ್ಲ.

ಹುಳಿ ಗೊತ್ತಾಗಿತ್ತು, ಗುಳ್ಳೆ ಗೊತ್ತಾಗಿತ್ತು. ಅದಕ್ಕಿಂತ ಹೆಚ್ಚಿನದು ಇತ್ತೋ ಇಲ್ಲವೋ, ಒಂದು ಗುಟುಕಿನಲ್ಲಿ ಹೇಳುವ ನಾಲಿಗೆ ನನ್ನದಲ್ಲ. ಎಂದೂ ಆಗಿರಲಿಲ್ಲ. ಇರಲಿಲ್ಲ ಎಂದು ಹೇಳಬಹುದಿತ್ತು. ತಿಳಿಯಲಿಲ್ಲ ಎಂದಾದರೂ ಹೇಳಬಹುದಿತ್ತು. ನಾನು ತುಟಿಯನ್ನು ಸ್ವಲ್ಪ ಮುಂದಕ್ಕೆ ತಂದು, ತಲೆ ಓರೆ ಮಾಡಿ, ಬಲ್ಲವರು ಯೋಚಿಸುವಷ್ಟು ಹೊತ್ತು ಯೋಚಿಸಿ, "ಸ್ವಲ್ಪ ಇರಬಹುದು" ಅಂದೆ.

ಯಾಕೆ ಹಾಗೆ ಹೇಳಿದೆ ಎಂಬುದಕ್ಕೆ ನನ್ನ ಹತ್ತಿರ ಮೂರು ಕಾರಣಗಳಿವೆ. ಮುನೀರ್ ಜೈಲಿಗೆ ಹೋಗಬಾರದೆಂದು ಒಂದು. ಸುಕೇಶನಿಗೇ ಮುಂದೆ ಅಪಾಯವಾಗಬಾರದೆಂದು ಇನ್ನೊಂದು. ಮೂರನೆಯದು ಇವೆರಡಕ್ಕಿಂತಲೂ ಉದಾತ್ತವಾದದ್ದು, ಬರೆಯಲು ನಾಚಿಕೆಯಾಗುತ್ತದೆ. ಮೂರೂ ವಿಮಾನದಲ್ಲಿ ಹುಟ್ಟಿದವು. ಓಣಿಯಲ್ಲಿ ನಿಂತಾಗ ತಲೆಯಲ್ಲಿದ್ದದ್ದು ಒಂದೇ: ಇವರ ಎದುರಿಗೆ ಗೊತ್ತಾಗಲಿಲ್ಲ ಅನ್ನಬಾರದು.

ಮುನೀರ್ "ಥ್ಯಾಂಕ್ಯೂ" ಅಂದರು. ನಾವು ಒಳಗೆ ಬರುವಷ್ಟರಲ್ಲಿ ಸುಕೇಶ ಮತ್ತೊಮ್ಮೆ ಮಾಡಿ ತೋರಿಸಲೆಂದು ಇನ್ನೊಂದು ಕಿಲೋ ಖರ್ಜೂರದ ಬೀಜ ತೆಗೆಯಲು ಕುಳಿತಿದ್ದ.

ಮತ್ತೆ ಬತ್ಹಾ

ಪೊಲೀಸರಿಗೆ ಹೇಳಲಿಲ್ಲ, ಸುಕೇಶನನ್ನು ಊರಿಗೂ ಓಡಿಸಲಿಲ್ಲ. ಮುನೀರ್ ಒಳ್ಳೆಯವರು. ಬುರೈದಾದಲ್ಲಿ ಯಜಮಾನನದೇ ಒಂದು ಖರ್ಜೂರದ ಅಂಗಡಿ ಇದೆ, ಅಲ್ಲಿ ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಕಳಿಸಿದರು. ಇಕಾಮಾದಲ್ಲಿ 'ಆಮಿಲ್' ಎಂದಿದ್ದದ್ದು ಹಾಗೆಯೇ ಇರುತ್ತದೆ. ಇನ್ನು ಅದು ಸುಳ್ಳೂ ಅಲ್ಲ.

ನಾನು ಹೊರಡುವ ಹಿಂದಿನ ದಿನ ಅವನು ಹೊರಟ. ಬಸ್ಸಿಗೆ ಇನ್ನೂ ಸಮಯವಿತ್ತು. ಮೂವರೂ ಫುಟ್‌ಪಾತಿನಲ್ಲಿ ಅವನ ಪೆಟ್ಟಿಗೆಯ ಸುತ್ತ ನಿಂತಿದ್ದೆವು. ಹಮೀದ್ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಸುಕೇಶ ನೀರು ತರಲು ಅಂಗಡಿಗೆ ಹೋದಾಗ ರಸ್ತೆಯ ಕಡೆ ನೋಡಿಕೊಂಡೇ ಅಂದ:

"ನೀವೇ ಹೇಳಿದ್ದಲ್ವಾ ಮಾರಾಯ್ರೆ, ಎರಡನೇ ದಿನದ್ದೇ ಇಡು, ಅದ್ರಲ್ಲೇ ಗಮ್ಮತ್ತು ಅಂತ. ನಾನು ಬೇಡ ಬೇಡ ಅಂತ ಹೇಳ್ತಾ ಇದ್ದೆ."

"ನಾನು ಹಾಗೆ ಹೇಳಿದೆನಾ?"

ಹಮೀದ್ ಈಗ ನನ್ನನ್ನು ನೋಡಿದ. "ಅಂದು ನಿಮ್ಮ ಗ್ಲಾಸಲ್ಲಿ ಇದ್ದದ್ದು ಬರೀ ಪಾನಕ. ಮರೀಲಿಕ್ಕೆ ಎಂತ ಕಾರಣ?"

ಸುಕೇಶ ಮೂರು ಬಾಟಲಿ ನೀರು ಹಿಡಿದು ಬಂದ. ನನ್ನದರ ಮುಚ್ಚಳ ತಾನೇ ತಿರುವಿ ಕೊಟ್ಟ. "ಅಣ್ಣ, ಒಂದು ಕೇಳ್ತೇನೆ. ಸತ್ಯ ಹೇಳ್ಬೇಕು. ಮುನೀರ್ ಎಂತದೂ ಹೇಳುದಿಲ್ಲ. ನೀವು ತಮಾಷೆಗೆ ಮಾಡಿದ್ದಾ, ಅಲ್ಲ ನಿಜಕ್ಕೂ ಇತ್ತಾ?"

ಇರಲಿಲ್ಲ ಅಂದರೆ ನನ್ನ ತಮಾಷೆ ಅವನ ಮಗಳನ್ನು ಕಾಪುವಿನಲ್ಲೇ ಉಳಿಸಿದಂತೆ. ತಿಳಿಯಲಿಲ್ಲ ಅಂದರೆ, ಮುನೀರ್‌ಗೆ ಏನು ಹೇಳಿದಿರಿ ಎಂಬ ಮುಂದಿನ ಪ್ರಶ್ನೆ ಬರುತ್ತದೆ.

"ಇತ್ತು" ಅಂದೆ.

ಅವನ ಮುಖ ಅರಳಿತು. ಇದನ್ನು ನಾನು ಕಲ್ಪಿಸಿಕೊಳ್ಳುತ್ತಿಲ್ಲ. ಕಲ್ಪಿಸಿಕೊಳ್ಳುವುದಾಗಿದ್ದರೆ ಬೇರೆ ಏನಾದರೂ ಕಲ್ಪಿಸುತ್ತಿದ್ದೆ. "ಕೇಳಿದ್ಯಾ ಹಮೀದ್? ಬಂದಿತ್ತಂತೆ! ಖರ್ಜೂರದಲ್ಲಿ, ಸೌದಿಯಲ್ಲಿ, ಅಪ್ಪಂದು ಬಂದಿತ್ತು ಮಾರಾಯ!" ಆಮೇಲೆ ದನಿ ತಗ್ಗಿಸಿ ಹೇಳಿದ: "ಹಾಗಾದ್ರೆ ತಪ್ಪು ನಂದೇ ಅಣ್ಣ. ನಿಮ್ಮನ್ನ ಎಂತ ಹೇಳುದು? ನೀವು ಇದ್ದದ್ದನ್ನ ಹೇಳಿದ್ರಿ."

ಬಸ್ಸು ಬಂತು. ಹತ್ತುವ ಮೊದಲು ನನ್ನ ಕಾಲು ಮುಟ್ಟಲು ಬಾಗಿದ. ನಾನು ಹಿಂದೆ ಸರಿದೆ. ಅದನ್ನು ಅವನು ವಿನಯವೆಂದುಕೊಂಡ.

"ಪ್ರಮೀಳಾ ಫೋನ್ ಮಾಡಿಯಾಳು," ಅಂದ ಕಿಟಕಿಯಿಂದ. "ಶೇಂದಿ ವಿಷಯ ಹೇಳ್ಬೇಡಿ, ಜೈಲು ಗೀಲು ಅಂತ ಹೆದರ್ತಾಳೆ. ಡ್ರಿಂಕ್ ಅವರಿಗೆ ಇಷ್ಟ ಆಗ್ಲಿಲ್ಲ ಅಂತ ಹೇಳಿದ್ದೇನೆ."

ಬೆಂಗಳೂರು

ಬಂದು ನಾಲ್ಕನೆಯ ದಿನ ಫೋನ್ ಬಂತು. ನಾನು ಪತ್ರಿಕೆಗೆ ಕೊಡುವ ಲೇಖನದ ಕೊನೆಯ ಪುಟದಲ್ಲಿದ್ದೆ. ಸುಕೇಶನ ಬಾರನ್ನು ಅದರಲ್ಲಿ ಸೇರಿಸಿರಲಿಲ್ಲ. ನಾಲ್ಕು ಬಾರುಗಳು ಎಂದಿದ್ದದ್ದನ್ನು ಮೂರು ಎಂದು ತಿದ್ದಿದ್ದೆ.

"ಅಣ್ಣ, ನಾನು ಪ್ರಮೀಳಾ, ಕಾಪುವಿಂದ. ತೊಂದ್ರೆ ಆಯ್ತಾ?" ಹಿಂದೆ ಒಂದು ಮಗು ಏನನ್ನೋ ಎಣಿಸುತ್ತಿತ್ತು. "ಇವ್ರು ಸರಿಯಾಗಿ ಎಂತದೂ ಹೇಳುದಿಲ್ಲ. ನೀವು ಅಲ್ಲಿದ್ರಿ ಅಂತ ಹೇಳಿದ್ರು. ನೀವು ಕುಡ್ದಿರಲ್ವಾ ಅದನ್ನ?"

"ಕುಡಿದೆ."

"ಚಂದ ಇರ್ಲಿಲ್ವಾ?"

"ಇತ್ತಮ್ಮ. ಬಹಳ ಚೆನ್ನಾಗಿತ್ತು."

"ಚಂದ ಇತ್ತು ಅಂತ ನೀವು ಅವರ ಹತ್ರ ಹೇಳಿದ್ರಾ ಅಣ್ಣ? ನೀವು ಹೇಳಿದ್ರೆ ಬೆಲೆ ಉಂಟಂತೆ ಅಲ್ಲಿ. ಇವ್ರು ಹೇಳ್ತಿದ್ರು."

"ಹೇಳಿದೆ."

"ಆದ್ರೂ ಕೇಳ್ಲಿಲ್ಲ, ಅಲ್ವಾ?"

ಮಗುವಿನ ಎಣಿಕೆ ಎಲ್ಲೋ ತಪ್ಪಿರಬೇಕು, ಮತ್ತೆ ಒಂದರಿಂದ ಶುರುವಾಯಿತು.

"ಇರ್ಲಿ ಅಣ್ಣ. ನಾಳೆ ಶಾಲೆಗೆ ಹೋಗಿ, ಇವಳು ಇಲ್ಲೇ ಇರ್ತಾಳೆ ಅಂತ ಹೇಳ್ಬೇಕು. ಟೀಚರ್ ನಗಾಡಿಯಾರು." ಅವಳೇ ಸಣ್ಣಗೆ ನಕ್ಕಳು. "ನೀವಾದ್ರೂ ಇವ್ರ ಪರವಾಗಿ ಒಂದು ಮಾತು ಹೇಳಿದ್ರಲ್ಲ. ಅಷ್ಟು ದೊಡ್ಡವ್ರ ಎದುರು. ನಿಮ್ಮ ಉಪಕಾರ ಮರೀಲಿಕ್ಕಿಲ್ಲ."

"ಇರಲಿ ಅಮ್ಮ" ಅಂದೆ.